ಹದಿನೇಳನೆಯ ಸಾಲಿನ ಡಾಕ್ಟರಮ್ಮ

ನಮ್ಮ ಬೀದಿಯ ಡಾಕ್ಟರಮ್ಮ ಜಗಳಗಂಟಿ. ಬೆಳಿಗ್ಗೆ ಒಂಬತ್ತಕ್ಕೆ ಅವರ ಕ್ಲಿನಿಕ್ಕಿನ ಬಾಗಿಲು ತೆರೆದರೆ ಹತ್ತು ಹೊಡೆಯುವುದರೊಳಗೆ ಒಂದು ಜಗಳವಾದರೂ ಆಗಿರಲೇಬೇಕು; ಅದು ಎದುರು ಕುಳಿತ ರೋಗಿಯೊಡನೆ ಆಗುವ ಜಗಳವಲ್ಲ, ಫೋನಿನ ಆ ತುದಿಯಲ್ಲಿರುವ ಯಾವುದೋ ದೊಡ್ಡಾಸ್ಪತ್ರೆಯ ಯಾವುದೋ ವಿಭಾಗದ ಯಾರೋ ತಜ್ಞರೊಡನೆ ನಡೆಯುವ ಜಗಳ. ಅವರ ಕೋಣೆಗೂ ಹೊರಗೆ ನಾವು ಕಾಯುವ ಬೆಂಚುಗಳಿಗೂ ನಡುವೆ ಇರುವುದು ಬರೀ ಒಂದು ಪ್ಲೈವುಡ್ಡಿನ ಅಡ್ಡಗೋಡೆ. ರೋಗಿಯ ಮಾತು ಅದನ್ನು ದಾಟುವುದಿಲ್ಲ, ಏಕೆಂದರೆ ರೋಗಿಗಳ ಹತ್ತಿರ ಅವರು ಪಿಸುಮಾತಿಗಿಂತ ಒಂದು ಎಳೆ ಮಾತ್ರ ಮೇಲಿನ ದನಿಯಲ್ಲಿ ಮಾತನಾಡುತ್ತಾರೆ. ಆದರೆ ಫೋನು ಕೈಗೆ ಬಂತೆಂದರೆ ಪಕ್ಕದ ಬೀಗದ ಅಂಗಡಿಯವನೂ ತನ್ನ ಅರ ಕೆಳಗಿಟ್ಟು ಕಿವಿಗೊಡುತ್ತಾನೆ. ಔಷಧಿಚೀಟಿ ಕೈಸೇರಿದ ಮೇಲೂ ಛತ್ರಿ ಹುಡುಕುವ ನೆಪದಲ್ಲಿ, ಜಗಳ ಮುಗಿಯುವವರೆಗೆ ನಿಲ್ಲುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಒಮ್ಮೆ ನಿವೃತ್ತ ಅಂಚೆಪೇದೆಯೊಬ್ಬರು ದೊಡ್ಡಾಸ್ಪತ್ರೆಯಿಂದ ಬಿಡುಗಡೆಯಾಗಿ ಬಂದಿದ್ದರು. ಹೃದಯದವರು ಕೊಟ್ಟದ್ದು, ಮೂತ್ರಪಿಂಡದವರು ಕೊಟ್ಟದ್ದು, ಸಕ್ಕರೆಕಾಯಿಲೆಯವರು ಕೊಟ್ಟದ್ದು ಎಂದು ಹನ್ನೊಂದು ಬಗೆಯ ಮಾತ್ರೆಗಳನ್ನು ಪೊಟ್ಟಣ ಕಟ್ಟಿಕೊಂಡು, ಎದ್ದು ನಿಂತರೆ ತಲೆ ಗಿರ್ರೆನ್ನುತ್ತದೆ ಎಂದು ಮಗಳ ಭುಜ ಹಿಡಿದುಕೊಂಡೇ ಒಳಗೆ ಹೋದರು. ಐದು ನಿಮಿಷದ ನಂತರ ಫೋನು ಎತ್ತಿದ ಸದ್ದು ಕೇಳಿಸಿತು. "ಒಂದೇ ಮಾತ್ರೆಗೆ ಎರಡು ಹೆಸರಿಟ್ಟು ದಿನಕ್ಕೆ ಎರಡೆರಡು ಸಲ ನುಂಗಿಸಿದ್ದೀರಿ. ನಿಮ್ಮ ಚೀಟಿ ಅವರು ಓದಿಲ್ಲ, ಅವರ ಚೀಟಿ ನೀವು ಓದಿಲ್ಲ. ಎರಡನ್ನೂ ಓದೋದಕ್ಕೆ ನಾನೇ ಬೇಕಾಯ್ತಾ?" ಎಂದು ಡಾಕ್ಟರಮ್ಮ ಕೇಳಿದರು. ಆ ಕಡೆಯವರು ಏನೆಂದರೋ, ಬಹುಶಃ ನೀವು ಯಾರೆಂದು ವಿಚಾರಿಸಿರಬೇಕು. ಡಾಕ್ಟರಮ್ಮ ತಮ್ಮ ಹೆಸರನ್ನು ಹೇಳದೆ, ಈ ಬೀದಿಯ ಡಾಕ್ಟರು ಎಂದಷ್ಟೇ ಹೇಳಿ ಫೋನಿಟ್ಟರು.

ನೋಡಲು ಅವರು ಕುಳ್ಳು, ನಡಿಗೆ ಮಾತ್ರ ಬಿರುಸು. ಎಡಗಾಲಿನ ಚಪ್ಪಲಿಯನ್ನು ನೆಲಕ್ಕೆ ಉಜ್ಜಿಕೊಂಡು ಬರುವ ಆ ಸದ್ದನ್ನು ಬೀದಿಯ ಮಕ್ಕಳೆಲ್ಲ ಅನುಕರಿಸಬಲ್ಲರು. ಬಿಳಿಯ ಕೋಟನ್ನು ಅವರು ತೊಡುವುದಿಲ್ಲ. ಬೇಸಿಗೆ ಚಳಿಗಾಲವೆನ್ನದೆ ಕಂದುಬಣ್ಣದ ಒಂದು ಹಳೆಯ ಸ್ವೆಟರು, ಅದಕ್ಕೆ ಐದು ಗುಂಡಿಗಳು, ಐದೂ ಐದು ಬಗೆಯವು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರೂ ದಿನಕ್ಕೆ ನಾಲ್ಕು ಸಲ ಅದನ್ನು ಮೇಜಿನ ಮೇಲೆ ತಡಕಾಡುತ್ತಾರೆ. ಬರೆಯುವಾಗ ರೋಗಿಯನ್ನು ನೋಡುವುದಿಲ್ಲ, ರೋಗಿಯನ್ನು ನೋಡುವಾಗ ಬರೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ವೈದ್ಯರ ಬಗ್ಗೆ ಅವರಿಗಿರುವ ಅಭಿಪ್ರಾಯವನ್ನು ಅಚ್ಚುಮಾಡುವಂತಿಲ್ಲ.

ಆದರೆ ಅವರನ್ನು ಬಲ್ಲವರಿಗೆ ಇವೆಲ್ಲಕ್ಕಿಂತ ಮೊದಲು ನೆನಪಾಗುವುದು ಅವರ ಬಾಯಿಯ ಒಂದು ಮಾತು: "ಇನ್ನೇನು?" ಯಾರು ಏನು ಹೇಳಿಕೊಂಡರೂ ಡಾಕ್ಟರಮ್ಮ ಪೂರ್ತಿ ಕೇಳಿ, ಒಂದು ಗಳಿಗೆ ಬಿಟ್ಟು, ಇನ್ನೇನು ಎನ್ನುತ್ತಾರೆ. ಆಗ ಎರಡನೆಯ ಕಾಯಿಲೆ ಹೊರಬೀಳುತ್ತದೆ. ಅದನ್ನೂ ಕೇಳಿ ಮತ್ತೆ ಇನ್ನೇನು ಎನ್ನುತ್ತಾರೆ. ಮೂರನೆಯ ಸಲಕ್ಕೆ ಕೆಲವರಿಗೆ ರೇಗುತ್ತದೆ, ಕೆಲವರು ನಗುತ್ತಾರೆ, ಕೆಲವರು ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾದವರಿಗಾಗಿ ಕಾಯುವುದರಲ್ಲಿ ಅವರ ತಾಳ್ಮೆ ಅಪಾರವಾದದ್ದು. ಹೊರಗೆ ಕಾಯುವವರ ತಾಳ್ಮೆಯ ಬಗ್ಗೆ ಅವರು ಅಷ್ಟಾಗಿ ತಲೆಕೆಡಿಸಿಕೊಂಡವರಲ್ಲ.

ಬಸ್ಸಿನ ಚಾಲಕರೊಬ್ಬರು ಕತ್ತಿನ ತುರಿಕೆಗೆ ಮುಲಾಮು ಕೇಳಲು ಬಂದರಂತೆ. ಮೊದಲ ಇನ್ನೇನಿಗೆ ಮೊಣಕಾಲು ಹೇಳಿದರು. ಎರಡನೆಯದಕ್ಕೆ ಹೆಂಡತಿ ತನ್ನ ಗೊರಕೆ ತಾಳಲಾರದೆ ಪಕ್ಕದ ಕೋಣೆಗೆ ಹಾಸಿಗೆ ಒಯ್ದದ್ದನ್ನು ತಮಾಷೆಯಾಗಿ ಹೇಳಿದರು. ಮೂರನೆಯದಕ್ಕೆ ಮುಖ ಕೆಳಗೆ ಹಾಕಿ, ಮಧ್ಯಾಹ್ನದ ಹೊತ್ತು ಸ್ಟಿಯರಿಂಗ್ ಹಿಡಿದಿರುವಾಗಲೇ ಕಣ್ಣು ಮುಚ್ಚಿಹೋಗುತ್ತದೆ, ಎರಡು ಸೆಕೆಂಡು, ಮೂರು ಸೆಕೆಂಡು, ತೆರೆದರೆ ಬಸ್ಸು ಪಕ್ಕಕ್ಕೆ ಸರಿದಿರುತ್ತದೆ, ಯಾರಿಗೂ ಹೇಳಿಲ್ಲ ಎಂದರು. ಆ ದಿನವೇ ಡಾಕ್ಟರಮ್ಮ ಅವರನ್ನು ಬಸ್ಸಿನಿಂದ ಇಳಿಸಿ, ಡಿಪೋದ ಮೇಲಧಿಕಾರಿಯೊಡನೆ ಒಂದು ಸುತ್ತು ಜಗಳವಾಡಿ, ನಿದ್ರೆಯಲ್ಲಿ ಉಸಿರು ಕಟ್ಟುವ ಆ ಕಾಯಿಲೆಗೆ ಚಿಕಿತ್ಸೆಯ ಏರ್ಪಾಡು ಮಾಡಿ, ಮೂರು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಕಳಿಸಿದರು. ಇದನ್ನು ನನಗೆ ಹೇಳಿದವರು ಆ ಚಾಲಕರೇ. ಆಗದೇಹೋದ ಅಪಘಾತ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಲವತ್ತು ಜನ ಆ ಮಧ್ಯಾಹ್ನ ಕಿಟಕಿಗೆ ತಲೆಯಾನಿಸಿಕೊಂಡು ಮನೆ ಸೇರಿದರು, ಅಷ್ಟೆ. ಅದೇ ಬಸ್ಸು ಹಳ್ಳಕ್ಕೆ ಬಿದ್ದು, ಮುರಿದ ಮೂಳೆಗಳನ್ನು ಯಾರಾದರೂ ಜೋಡಿಸಿದ್ದರೆ, ಜೋಡಿಸಿದವರ ಭಾವಚಿತ್ರ ದೊಡ್ಡಾಸ್ಪತ್ರೆಯ ಹಜಾರದಲ್ಲಿ ತೂಗಾಡುತ್ತಿತ್ತು.

ನನಗೆ ಸಿಟ್ಟು ಬರುವುದು ಇಲ್ಲೇ. ಇಂಥ ಕೆಲಸಕ್ಕೆ ನಮ್ಮ ವೈದ್ಯಕೀಯ ಕಾಲೇಜುಗಳು ಇಟ್ಟಿರುವ ಹೆಸರು ಏನು ಗೊತ್ತೇ? ನೆಗಡಿ ಡಾಕ್ಟರು. ನಾನಿದನ್ನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಮೂವತ್ತೊಂದು ವರ್ಷ ವೈದ್ಯಕೀಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ಬೆರಳು ಸವೆಸಿದವನು ನಾನು. ಉಪನ್ಯಾಸದ ಕೋಣೆಗೆ ಹಾಜರಿ ಪುಸ್ತಕ ಒಯ್ದಾಗಲೆಲ್ಲ, ಉತ್ತರ ತಪ್ಪಿದ ಹುಡುಗನಿಗೆ ಪ್ರಾಧ್ಯಾಪಕರು "ಹೀಗೇ ಓದು, ಬೀದಿ ಮೂಲೆಯಲ್ಲಿ ನೆಗಡಿಗೆ ಮಾತ್ರೆ ಕೊಡ್ತಾ ಕೂರ್ತೀಯ" ಎನ್ನುವುದನ್ನೂ, ಇನ್ನೂರು ಹುಡುಗರು ಒಟ್ಟಿಗೆ ನಗುವುದನ್ನೂ ಕೇಳಿದ್ದೇನೆ. ಐದು ವರ್ಷ ದಿನವೂ ಹೀಗೆ ನಕ್ಕ ಹುಡುಗರು ಆರನೆಯ ವರ್ಷ ಆ ಬೀದಿ ಮೂಲೆಗೆ ಏಕೆ ಹೋಗುವುದಿಲ್ಲವೆಂದು ಆಮೇಲೆ ಸಭೆ ಕರೆದು, ಬಿಸ್ಕತ್ತು ತಿಂದು, ಚಿಂತಿಸುತ್ತಾರೆ. ಮದುವೆಗೆ ಹೆಣ್ಣು ಗಂಡು ನೋಡುವ ಮನೆಗಳಲ್ಲಿ "ಬರೀ ಡಾಕ್ಟರಾ? ಏನೂ ಸ್ಪೆಷಲಿಸ್ಟ್ ಅಲ್ವಾ?" ಎಂದು ಕೇಳುವ ನಾವೇನೂ ಕಡಿಮೆಯವರಲ್ಲ. ಬಾಡಿಗೆ ಮನೆ ಕೊಡುವವರಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ದೇಹದ ಯಾವುದಾದರೊಂದು ಭಾಗವನ್ನು ಹಿಡಿದುಕೊಂಡ ವೈದ್ಯರೇ ಆಗಬೇಕು. ಇಡೀ ಮನುಷ್ಯನನ್ನು ನೋಡುತ್ತೇನೆಂದರೆ ಏನೂ ಬಾರದವನೆಂದೇ ಅರ್ಥ.

ಕೊನೆಯ ವರ್ಷದವರನ್ನು ಎರಡು ವಾರ ಇಂಥ ಬೀದಿ ಕ್ಲಿನಿಕ್ಕುಗಳಿಗೆ ಕಳಿಸುವ ಪದ್ಧತಿಯೊಂದು ನಮ್ಮ ಕಾಲೇಜಿನಲ್ಲಿತ್ತು. ಹುಡುಗರು ಅದನ್ನು ಕರೆಯುತ್ತಿದ್ದದ್ದು ರಜಾ ಪೋಸ್ಟಿಂಗ್ ಎಂದು. ಮೊದಲ ದಿನ ಹೋಗಿ ಸಹಿಗೆ ಕಾಗದ ಕೊಟ್ಟು, ಕೊನೆಯ ದಿನ ಹೋಗಿ ಸಹಿಯಾದ ಕಾಗದ ತರುತ್ತಿದ್ದರು. ನಮ್ಮ ಡಾಕ್ಟರಮ್ಮ ಒಬ್ಬರೇ, ಬಾರದವರಿಗೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದು ಎಲ್ಲರ ತಲೆನೋವಾದವರು. ಹಾಗೆ ಬಲವಂತದಿಂದ ಬಂದು ಕೂತ ಹುಡುಗನೊಬ್ಬ ಎರಡನೆಯ ವಾರ ಸಲಿಗೆ ಬೆಳೆದು, "ಮೇಡಂ, ನಿಮಗೆ ರ‍್ಯಾಂಕ್ ಬರಲಿಲ್ವಾ?" ಎಂದು ಮರುಕದಿಂದ ಕೇಳಿದನಂತೆ. "ಬಂತಪ್ಪ, ಮೊದಲನೇದು" ಎಂದರಂತೆ ಇವರು. ಹುಡುಗ ಇದೊಂದು ಹಾಸ್ಯವೆಂದು ತಿಳಿದು ಗೌರವಪೂರ್ವಕವಾಗಿ ನಕ್ಕನಂತೆ.

ಅದು ಹಾಸ್ಯವಲ್ಲವೆಂದು ಬಲ್ಲವನು ನಾನು. ಆ ರ‍್ಯಾಂಕಿನ ಪಟ್ಟಿಯನ್ನು ಟೈಪು ಮಾಡಿದವನು ನಾನೇ. ಅದರ ಬೆನ್ನಿಗೇ ಆಕೆಗಾದ ಅನ್ಯಾಯವೂ ನನ್ನ ಕೈಯಿಂದಲೇ ಆದದ್ದು. ಈ ಚಿತ್ರವನ್ನು ಬರೆಯುವಾಗ ನಾನು ಬರೀ ನೋಡುಗನಂತೆ ಒಂದು ಪಕ್ಕದಲ್ಲಿ ಕೂರುವಂತಿಲ್ಲ.

ನಡೆದದ್ದು ಇಷ್ಟು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮುಂದೆ ಯಾವ ವಿಭಾಗ ಬೇಕೆಂದು ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲಿ ಹದಿನೇಳು ವಿಭಾಗಗಳ ಹೆಸರು, ಒಂದರ ಕೆಳಗೊಂದು. ಬಲಗಡೆಯ ಚೌಕಗಳಲ್ಲಿ ಇಷ್ಟದ ಕ್ರಮಕ್ಕೆ ಒಂದರಿಂದ ಹದಿನೇಳರವರೆಗೆ ಅಂಕಿ ಹಾಕಬೇಕು. ಮೊದಲ ಸಾಲು ಚರ್ಮರೋಗದ್ದು, ಎಲ್ಲರೂ ಬಾಯಿ ಬಾಯಿ ಬಿಡುವ ವಿಭಾಗ: ಹೆಣ ಕಾಯುವ ಕೆಲಸವಿಲ್ಲ, ರಾತ್ರಿ ಪಾಳಿಯಿಲ್ಲ, ಸಂಪಾದನೆಗೆ ಮಿತಿಯಿಲ್ಲ. ಹದಿನೇಳನೆಯ ಸಾಲು ಸಾಮಾನ್ಯ ವೈದ್ಯವೃತ್ತಿಯದು. ಯಾವ ಕಾಲದಲ್ಲೋ ಅರ್ಜಿಯ ನಮೂನೆ ಮಾಡುವಾಗ ಮರೆತುಹೋಗಿ, ಆಮೇಲೆ ಕೆಳಗೆ ತುರುಕಿದ್ದರಿಂದ ಅದರ ಅಕ್ಷರವೂ ಮಿಕ್ಕವುಗಳಿಗಿಂತ ಚಿಕ್ಕದು. ಮೊದಲ ರ‍್ಯಾಂಕು ಬಂದವಳು, ಕಾಲೇಜಿನ ಗೇಟಿನೆದುರು ಕೋಟು ಹೊಲಿಯುವ ದರ್ಜಿಯ ಮಗಳು, ಆ ಕೊನೆಯ ಚೌಕದಲ್ಲಿ ಒಂದು ಎಂದು ಬರೆದಿದ್ದಳು. ಅಲ್ಲಿಂದ ಮೇಲಕ್ಕೆ ಎರಡು, ಮೂರು, ನಾಲ್ಕು ಎಂದು ಏರುತ್ತ ಹೋಗಿ ಚರ್ಮರೋಗಕ್ಕೆ ಹದಿನೇಳು.

ನಾನು ಅದನ್ನು ನೋಡಿ, ಪಾಪ, ಗಾಬರಿಯಲ್ಲಿ ತಲೆಕೆಳಗಾಗಿ ತುಂಬಿದ್ದಾಳೆ ಎಂದುಕೊಂಡೆ. ಡೀನರ ಬಳಿ ಒಯ್ದೆ. ಅವರು ಹೆಸರಾಂತ ಶಸ್ತ್ರವೈದ್ಯರು, ಕೆಟ್ಟ ಮನುಷ್ಯರಲ್ಲ, ಆ ಹುಡುಗಿಯ ಬಗ್ಗೆ ಅಭಿಮಾನವುಳ್ಳವರು. ಅವರೂ ನೋಡಿ, "ಎಂಥ ಹುಡುಗಿ ಇದು, ಕೆಳಗಿನಿಂದ ಎಣಿಸಿದ್ದಾಳೆ. ಸರಿ ಮಾಡಿಬಿಡು, ಪಾಪ, ಅವಳಿಗೆ ಅನ್ಯಾಯ ಆಗೋದು ಬೇಡ" ಎಂದರು. ನಾನು ಕೆಂಪು ಶಾಯಿಯಲ್ಲಿ ಹದಿನೇಳೂ ಅಂಕಿಗಳನ್ನು ತಿರುಗಿಸಿ ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕಿದೆ. ಉಪಕಾರ ಮಾಡಿದ ತೃಪ್ತಿಯಿಂದ ಚಹಾ ಕುಡಿದದ್ದೂ ನೆನಪಿದೆ. ಹುಡುಗಿ ಇನ್ನೂರು ಗಜದಾಚೆ ಹಾಸ್ಟೆಲಿನಲ್ಲಿದ್ದಳು. ಕರೆಸಿ ಒಂದು ಮಾತು ಕೇಳಬಹುದಿತ್ತು. ಕೇಳಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಬುದ್ಧಿವಂತೆಯೊಬ್ಬಳು ಅದನ್ನು ಬಯಸಿ ಕೇಳಬಹುದೆಂಬ ಕಲ್ಪನೆಗೇ ಜಾಗವಿಲ್ಲದಷ್ಟು ಆ ಕಟ್ಟಡದ ಗಾಳಿಯನ್ನು ನಾವು ಉಸಿರಾಡಿಬಿಟ್ಟಿದ್ದೆವು.

ಬುಧವಾರ ಪಟ್ಟಿ ಹೊರಬಿತ್ತು. ಗೆಳತಿಯರು ಅವಳನ್ನು ಎತ್ತಿ ಕುಣಿಸಿದರು. ದರ್ಜಿ ಬೀದಿಗೆಲ್ಲ ಸಿಹಿ ಹಂಚಿದರು. ಆ ಗದ್ದಲದ ನಡುವಿನಿಂದ ಹುಡುಗಿ ನೇರವಾಗಿ ನನ್ನ ಕಿಂಡಿಗೆ ಬಂದು, ತನ್ನ ಅರ್ಜಿಯನ್ನು ನೋಡಬೇಕೆಂದಳು. ತೋರಿಸಿದೆ. ಬಹಳ ಹೊತ್ತು ನೋಡಿದಳು. "ಕಪ್ಪು ಶಾಯಿ ನನ್ನದು. ಕೆಂಪು ನನ್ನದಲ್ಲ" ಎಂದಳು. ನಾನು ವಿವರಿಸಲು ಹೋದೆ. ಉಲ್ಟಾ ಆಗಿತ್ತಮ್ಮ, ಸರಿ ಮಾಡಿದ್ದೇವೆ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ವೈದ್ಯಕೀಯ ಕುತೂಹಲವಿತ್ತು. ಇಂಥ ರೋಗವನ್ನು ಪುಸ್ತಕದಲ್ಲಿ ಓದಿದ್ದೆ, ಈಗ ಕಣ್ಣಾರೆ ಕಂಡೆ ಎಂಬಂತೆ.

ಪಟ್ಟಿಗೆ ಮೊಹರು ಬೀಳುವುದು ಶನಿವಾರ ಸಂಜೆ ಐದಕ್ಕೆ. ಅಷ್ಟರೊಳಗೆ ಡೀನರು ಒಪ್ಪಿ ತಿದ್ದಿದರೆ ಅವಳು ಕೇಳಿದ್ದು ಅವಳಿಗೆ. ಇಲ್ಲದಿದ್ದರೆ ಮೂರು ವರ್ಷ ಚರ್ಮರೋಗ, ಬಿಟ್ಟುಹೋದರೆ ಮತ್ತೆ ಯಾವ ವಿಭಾಗಕ್ಕೂ ಅರ್ಜಿ ಹಾಕುವಂತಿಲ್ಲ. ಸಾಮಾನ್ಯ ವೈದ್ಯವೃತ್ತಿಯ ಹತ್ತು ಸ್ಥಾನಗಳಲ್ಲಿ ಒಂಬತ್ತು ಖಾಲಿ ಬಿದ್ದಿದ್ದವು. ಕೊಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೂ ಡೀನರು ಕೊಡಲೊಲ್ಲರು. ಮೊದಲ ರ‍್ಯಾಂಕು ಅಲ್ಲಿಗೆ ಹೋದರೆ ಕಾಲೇಜಿನ ಮರ್ಯಾದೆ ಏನಾಗಬೇಕು ಎಂಬುದು ಅವರ ಸಂಕಟ. "ನಿನ್ನಂಥ ತಲೆ ಅಲ್ಲಿ ಹಾಳಾಗುತ್ತಮ್ಮ" ಎಂದು ಮಗಳಿಗೆ ಹೇಳುವಂತೆ ಹೇಳಿದರು. "ಹಾಗಾದ್ರೆ ಅಲ್ಲಿಗೆ ಎಂಥ ತಲೆ ಕಳಿಸೋಣ ಸರ್? ಅಲ್ಲಿಗೆ ಬರೋ ರೋಗಿಗಳು ನಮ್ಮಪ್ಪನಂಥೋರು" ಎಂದಳು ಹುಡುಗಿ. ನಾಳೆ ನಿಮ್ಮ ತಂದೆಯವರನ್ನು ಕರೆದುಕೊಂಡು ಬಾ ಎಂದರು ಡೀನರು. ಇಪ್ಪತ್ತನಾಲ್ಕು ವರ್ಷದವಳು, ಹಿಂದಿನ ವಾರವಷ್ಟೇ ಹೆರಿಗೆ ಕೋಣೆಯಲ್ಲಿ ಒಬ್ಬಳೇ ನಿಂತು ಅವಳಿ ಮಕ್ಕಳನ್ನು ಈ ಲೋಕಕ್ಕೆ ತಂದವಳು. ಅವಳಿಗೆ ತನಗೇನು ಬೇಕೆಂದು ಹೇಳಲು ಅಪ್ಪ ಬರಬೇಕಾಯಿತು.

ದರ್ಜಿ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು, ತೆಗೆಯಲು ಮರೆತಿದ್ದರು. ಡೀನರ ಕೋಟನ್ನೂ ಹೊಲಿದವರು ಅವರೇ. ಡೀನರ ಎಡಭುಜ ಅರ್ಧ ಅಂಗುಲ ಇಳಿದಿರುವುದು ಇಡೀ ಕಾಲೇಜಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಡೀನರು ಕುರ್ಚಿ ಕೊಟ್ಟು, ಬೆನ್ನು ತಟ್ಟಿ, ಮಗಳಿಗೆ ಬುದ್ಧಿ ಹೇಳಿ ಎಂದರು. ದರ್ಜಿಗೂ ಮಗಳ ಆಯ್ಕೆ ಮನಸ್ಸಿಗೆ ಬಂದಿರಲಿಲ್ಲ. ಆದರೆ ಅವರು ಮೊದಲು ಕೇಳಿದ್ದು ಆ ಅರ್ಜಿಯನ್ನು. ಕೈಯುದ್ದ ದೂರ ಹಿಡಿದು ಓದಿದರು. ಕೆಂಪಕ್ಷರ ಯಾರದೆಂದು ಕೇಳಿದರು. ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ನಾನು ನೆಲ ನೋಡಿದೆ. ಆಫೀಸಿನವರು ಸರಿಪಡಿಸಿದ್ದಾರೆ ಎಂದರು ಡೀನರು.

"ಸಾರ್, ನನ್ನ ಅಂಗಡಿಗೆ ಬರೋರು ಏನೇನೋ ಅಳತೆ ಕೊಡ್ತಾರೆ. ಇದು ನಿಮಗೆ ಒಪ್ಪಲ್ಲ ಅಂತೀನಿ, ಜಗಳಾನೂ ಆಡ್ತೀನಿ. ಆದ್ರೆ ಅವರು ಆ ಕಡೆ ಹೋದ್ಮೇಲೆ ಪುಸ್ತಕದಲ್ಲಿ ಅಳತೆ ತಿದ್ದಿ ಹೊಲಿಯಲ್ಲ" ಎಂದರು ದರ್ಜಿ. ಆಮೇಲೆ ಮಗಳ ಕಡೆ ತಿರುಗಿ, "ನೀನು ಮಾಡ್ತಿರೋದು ನನಗೆ ಇಷ್ಟ ಇಲ್ಲ. ಅದು ಬೇರೆ ಮಾತು" ಎಂದು ಹೇಳಿ ಎದ್ದುಹೋದರು.

ಇಂಥ ಮಾತಿನ ಮುಂದೆ ಕಲ್ಲೂ ಕರಗಬೇಕಿತ್ತು. ಡೀನರು ಕರಗಲಿಲ್ಲ, ಯೋಚಿಸುತ್ತೇನೆ ಎಂದರು. ಹುಡುಗಿ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತಳು. ಕಚೇರಿ ತೆರೆಯುವಾಗ ಬರುವಳು, ಮುಚ್ಚುವಾಗ ಹೋಗುವಳು, ನಡುವೆ ಊಟದ ಡಬ್ಬಿ ಬಿಚ್ಚುವಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಜವಾನ ತನ್ನ ಎದೆಯುರಿಯನ್ನು ಅವಳ ಹತ್ತಿರ ಹೇಳಿಕೊಳ್ಳುತ್ತಿದ್ದ. ಶುಕ್ರವಾರ ಕಸ ಗುಡಿಸುವಾಕೆ, ಗ್ರಂಥಾಲಯದ ಸಹಾಯಕ, ಡೀನರನ್ನೇ ಕಾಣಲು ಬಂದಿದ್ದ ಯಾರದೋ ಅತ್ತೆ, ಎಲ್ಲರೂ ಸರದಿಯಲ್ಲಿ ಆ ಬೆಂಚಿನ ತುದಿಗೆ ಕುಳಿತು ಏಳುತ್ತಿದ್ದರು. ಮೂರು ಮಹಡಿಗಳ ತುಂಬ ತಜ್ಞರಿದ್ದ ಕಟ್ಟಡದಲ್ಲಿ, ಕೆಲಸದವರು ತಮ್ಮ ಕಾಯಿಲೆ ಹೇಳಿಕೊಳ್ಳಲು ಕಂಡುಕೊಂಡ ಮೊದಲ ಜಾಗ ಅದು. ಟೈಪ್‌ರೈಟರಿನ ಮುಂದೆ ನಾನು ತಲೆ ತಗ್ಗಿಸಿಯೇ ಇದ್ದೆ. ಒಮ್ಮೆ ಅವಳೇ ಕಿಂಡಿಯ ಬಳಿ ಬಂದು, "ಗುಮಾಸ್ತರೇ, ಕುತ್ತಿಗೆ ಯಾಕೆ ಹಾಗೆ ಹಿಡ್ಕೊಂಡಿದ್ದೀರಿ?" ಎಂದಳು. ಎಂಟು ವರ್ಷದ ನೋವು, ಎರಡು ಬಾರಿ ಎಕ್ಸ್‌ರೇ ತೆಗೆಸಿದ್ದೆ. ಅವಳು ನನ್ನ ಮೇಜನ್ನು ನೋಡಿ, ಯಂತ್ರದ ಕೆಳಗಿದ್ದ ಹಲಗೆ ತೆಗೆಸಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು. ಅವಳ ಬದುಕನ್ನು ತಲೆಕೆಳಗು ಮಾಡಿದವನ ಕುತ್ತಿಗೆ ಎರಡು ವಾರದಲ್ಲಿ ನೆಟ್ಟಗಾಯಿತು.

ಶನಿವಾರ ಮಧ್ಯಾಹ್ನ ಡೀನರು ನನ್ನನ್ನು ಕರೆದು, ಆ ಹುಡುಗಿ ಕೇಳಿದ್ದನ್ನೇ ಕೊಟ್ಟುಬಿಡೋಣ ಎಂದರು. ಒಂದು ಕ್ಷಣ ನನ್ನ ಕಣ್ಣಲ್ಲಿ ಅವರು ದೇವರಾದರು. ಆಮೇಲೆ ತಿಳಿಯಿತು: ಎರಡನೆಯ ರ‍್ಯಾಂಕಿನ ಹುಡುಗನ ಸೋದರಮಾವ ಆಡಳಿತ ಮಂಡಳಿಯವರು, ಒಂದೇ ಸ್ಥಾನವಿದ್ದ ಚರ್ಮರೋಗವೇ ಆ ಹುಡುಗನಿಗೆ ಬೇಕಂತೆ, ಬೆಳಿಗ್ಗೆ ಫೋನು ಬಂದಿತ್ತು. ಮೂರು ದಿನ ಬೆಂಚಿನಲ್ಲಿ ಕುಳಿತ ಅವಳ ಇಚ್ಛೆ ತೆರೆಯಲಾರದೆ ಹೋದ ಬಾಗಿಲನ್ನು, ಅವಳು ಬೇಡವೆಂದದ್ದಕ್ಕೆ ಇನ್ನೊಬ್ಬರು ಪಟ್ಟ ಆಸೆ ಅರ್ಧ ಗಂಟೆಯಲ್ಲಿ ತೆರೆಯಿತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಿದ್ದುಪಡಿಯ ಆದೇಶದಲ್ಲಿ ಕಾರಣಕ್ಕೊಂದು ಅಂಕಣವಿತ್ತು. ಅಭ್ಯರ್ಥಿಯ ಇಚ್ಛೆ ಎಂದು ಬರೆಯಲೇ ಎಂದು ಕೇಳಿದೆ. "ಇಚ್ಛೆ ಅಂದ್ರೆ ಯಾರಯ್ಯ ನಂಬ್ತಾರೆ? ಕೌಟುಂಬಿಕ ತೊಂದರೆ ಅಂತ ಹಾಕು" ಎಂದರು ಡೀನರು. ಹಾಕಿದೆ. ಮೊಹರು ಒತ್ತಿದೆ. ಒಂದು ಪ್ರತಿ ಕಡತಕ್ಕೆ, ಒಂದು ಪ್ರತಿ ಅಂಚೆಯಲ್ಲಿ ಅವಳ ಮನೆಗೆ ಹೋಯಿತು.

ಮುಂದಿನದೆಲ್ಲ ಮೂವತ್ತು ವರ್ಷಗಳ ಕೆಲಸ. ಅದನ್ನು ಬರೆಯಲು ಹೊರಟರೆ ಬೀದಿಯ ಪ್ರತಿ ಮನೆಯ ಗುಟ್ಟೂ ಬಯಲಾಗಬೇಕು. ಹುಡುಗಿ ಡಾಕ್ಟರಮ್ಮ ಆದರು. ನಾನು ನಿವೃತ್ತನಾಗಿ ಅವರ ರೋಗಿಯಾದೆ. ದರ್ಜಿ ಗೇಟಿನೆದುರಿನ ಅಂಗಡಿ ಮುಚ್ಚಿ, ಮಗಳ ಕ್ಲಿನಿಕ್ಕಿಗೆ ಪರದೆ ಹೊಲಿದುಕೊಟ್ಟು, ದಿನವೂ ಮಧ್ಯಾಹ್ನ ಊಟದ ಡಬ್ಬಿ ತಂದಿಟ್ಟು, ಒಂದು ಮಾತೂ ಆಡದೆ ಹಿಂದಿರುಗುತ್ತಿದ್ದರು. ಆ ಚರ್ಮರೋಗದ ಸಿಟ್ಟು ಮುದುಕನಿಗೆ ಇನ್ನೂ ಇಳಿದಿಲ್ಲ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಆರು ವರ್ಷದ ಹಿಂದೆ ಅವರು ತೀರಿಕೊಂಡರು.

ಕಳೆದ ವರ್ಷ ಕಾಲೇಜಿನವರು ಒಂದು ಸಮೀಕ್ಷೆ ಕೈಗೊಂಡರು. ಸಾಮಾನ್ಯ ವೈದ್ಯವೃತ್ತಿಯನ್ನು ಆಯ್ದುಕೊಳ್ಳುವಂತೆ ವಿದ್ಯಾರ್ಥಿಗಳ ಮೇಲೆ ಪ್ರಭಾವ ಬೀರುವ ಅಂಶಗಳು ಎಂಬುದು ಅದರ ವಿಷಯ. ಆ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪ್ರಶ್ನಾವಳಿ ಹೋಯಿತು. ಕಡಿಮೆ ಅಂಕ, ಸಾಲ, ಮದುವೆ, ಮಕ್ಕಳು, ಆರೋಗ್ಯ, ಮನೆಯ ಪರಿಸ್ಥಿತಿ. ಅನ್ವಯಿಸುವುದಕ್ಕೆ ಗುರುತು ಹಾಕಿ. ಕೊನೆಯಲ್ಲಿ ಇತರೆ ಎಂದು ಬೆರಳಗಲದ ಜಾಗ. ಒಂದು ಜ್ವರಕ್ಕೆ ಕಾರಣ ಹುಡುಕುವಂತೆ ಹುಡುಕಿದ್ದರು. ಡಾಕ್ಟರಮ್ಮ ಯಾವುದಕ್ಕೂ ಗುರುತು ಹಾಕದೆ, ಹಾಳೆಯ ಅಡ್ಡಕ್ಕೆ, ಚರ್ಮರೋಗದವರಿಗೂ ಇಂಥದೊಂದು ಪ್ರಶ್ನೆ ಕಳಿಸಿದ್ದೀರಾ, ಅವರ ಉತ್ತರ ಬಂದ ಮೇಲೆ ನನ್ನದು ಕೇಳಿ ಎಂದು ಬರೆದು ಹಿಂದಕ್ಕೆ ಕಳಿಸಿದರು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ, ವರದಿ ಬಂತು. ಹಳೆಯ ನೌಕರನೆಂಬ ಮರ್ಯಾದೆಗೆ ನನಗೂ ಒಂದು ಪ್ರತಿ ಕಳಿಸಿದ್ದರು. ಉತ್ತರಿಸದವರ ಕಾರಣಗಳನ್ನು ಕಚೇರಿಯ ಕಡತಗಳಿಂದ ಪಡೆಯಲಾಗಿದೆ ಎಂದು ಅಡಿಟಿಪ್ಪಣಿಯಿತ್ತು. ನಾಲ್ಕನೆಯ ಕೋಷ್ಟಕದಲ್ಲಿ ಹೀಗಿತ್ತು: ಸಾಮಾನ್ಯ ವೈದ್ಯವೃತ್ತಿಗೆ ಹೋದ ಪ್ರಥಮ ರ‍್ಯಾಂಕಿನವರು, ಒಬ್ಬರು, ಕಾರಣ, ಕೌಟುಂಬಿಕ ತೊಂದರೆ.

ಆ ಪುಸ್ತಕ ಹಿಡಿದುಕೊಂಡು ನಾನು ಹೋದೆ. ನನ್ನ ಸರದಿ ಬಂದಾಗ ಒಳಗೆ ಹೋಗಿ, ಮೇಜಿನ ಮೇಲೆ ತೆರೆದಿಟ್ಟು, ಈ ಸುಳ್ಳನ್ನು ಟೈಪು ಮಾಡಿದವನು ನಾನು, ಕಾಲೇಜಿಗೆ ಬರೆದು ತಿದ್ದಿಸುತ್ತೇನೆ, ಇಲ್ಲವಾದರೆ ಪತ್ರಿಕೆಗೆ ಬರೆಯುತ್ತೇನೆ ಎಂದು ಒದರಿದೆ. ಅವರು ಕನ್ನಡಕ ತಡಕಾಡಿ, ಹಾಕಿಕೊಂಡು, ಓದಿದರು. ಫೋನು ಎತ್ತುತ್ತಾರೆ, ಇವತ್ತಿನ ಜಗಳ ಹಿಂದೆಂದೂ ಆಗಿಲ್ಲದಂಥದು ಎಂದು ನಾನು ಕಾದೆ. ಅವರು ಎತ್ತಲಿಲ್ಲ.

"ನನಗೆ ಆವತ್ತೇ ಗೊತ್ತಿತ್ತು ಗುಮಾಸ್ತರೇ. ಮನೆಗೆ ಕಾಪಿ ಬಂತಲ್ಲ. ಒಡೆದು ಓದಿದ್ದು ಅಪ್ಪ" ಎಂದರು. ಪುಸ್ತಕವನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ತನ್ನಿಂದಲೇ ನಾನು ದೊಡ್ಡ ಓದು ಬಿಟ್ಟೆ ಅಂದುಕೊಂಡ. ಮನೆ ನಡೆಸೋದಕ್ಕೆ ಬೇಗ ದುಡಿಯೋಣ ಅಂತ ಬಿಟ್ಟಳು ಅಂತ. ಇಲ್ಲಪ್ಪ, ಇಷ್ಟಪಟ್ಟು ಬಂದೆ ಅಂತ ಎಷ್ಟು ವರ್ಷ ಹೇಳಿದೆ. ಮೊಹರು ಹಾಕಿದ ಕಾಗದದಲ್ಲಿ ಇದೆಯಲ್ಲಮ್ಮ ಅಂತಿದ್ದ. ಸಾಯೋ ಹಿಂದಿನ ದಿನಾನೂ ನನ್ನ ಕೈ ಹಿಡ್ಕೊಂಡು ಕ್ಷಮಿಸು ಅಂದ."

ಡೀನರ ಎದುರು ಟೇಪು ಕೊರಳಲ್ಲಿ ಹಾಕಿಕೊಂಡು ಮಗಳ ಅಳತೆಗಾಗಿ ಮಾತಾಡಿದ ಆ ಮನುಷ್ಯ ಇಪ್ಪತ್ತನಾಲ್ಕು ವರ್ಷ ಊಟದ ಡಬ್ಬಿ ಹೊತ್ತದ್ದು ಸಿಟ್ಟಿನಿಂದಲ್ಲ, ತಪ್ಪಿತಸ್ಥನಂತೆ. ಆ ತಪ್ಪನ್ನು ಅವರ ತಲೆಗೆ ಕಟ್ಟಿದವರು ನಾವು, ಎರಡು ಪದಗಳಲ್ಲಿ. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರಮ್ಮ ನನ್ನ ರಕ್ತದೊತ್ತಡ ನೋಡಿದರು, ಹೆಚ್ಚಾಗಿತ್ತು; ಉಪ್ಪು ಕಡಿಮೆ ಮಾಡಿ ಎಂದು ಬೈದು ಕಳಿಸಿದರು. ಕಾಲೇಜಿಗೆ ನಾನು ಮೂರು ಪತ್ರ ಬರೆದೆ. ಕಡತದಲ್ಲಿರುವುದನ್ನು ಬದಲಿಸಲು ಅವಕಾಶವಿಲ್ಲವೆಂದು ಉತ್ತರ ಬಂತು. ಅದಕ್ಕೇ ಇದನ್ನು ಇಲ್ಲಿ ಬರೆದಿದ್ದೇನೆ.

ಇಂಥ ವೈದ್ಯರು ನಾಲ್ಕು ಬೀದಿಗೊಬ್ಬರಂತೆ ಎಲ್ಲ ಕಡೆಯೂ ಇದ್ದಾರೆ. ಅಂಕ ಸಾಲದೆ ಬಂದರು ಎನ್ನಿ, ಎಲ್ಲರೂ ಹೌದೆನ್ನುತ್ತಾರೆ. ಮನೆಯ ಕಷ್ಟಕ್ಕೆ ಬಂದರು ಎನ್ನಿ, ಅಯ್ಯೋ ಪಾಪ ಎನ್ನುತ್ತಾರೆ. ಬೇರೇನೂ ಸಿಗದೆ ಬಂದರು ಎಂದರಂತೂ ಕೇಳುವುದೇ ಬೇಡ. ಎಲ್ಲಿ ನೋವು ಎಂದು ತೋರಿಸಲಾರದ, ಯಾವ ಯಂತ್ರದಲ್ಲೂ ಕಾಣಿಸದ, ಹೆಂಡತಿ ಮಕ್ಕಳೂ ಸುಳ್ಳೆಂದು ತಳ್ಳಿಹಾಕಿದ ನಮ್ಮ ಒಂದೊಂದು ಸಂಕಟವನ್ನೂ ಅವರು ಸಾಕ್ಷಿ ಕೇಳದೆ ನಂಬುತ್ತಾರೆ. ಬೇಕೆಂದೇ ಬಂದೆ ಎಂಬ ಅವರ ಒಂದೇ ಒಂದು ಮಾತನ್ನು ನಾವು ನಂಬುವುದಿಲ್ಲ.